ಬಾಗಿಲ ಬಳಿ ಕೂಡುತ್ತಿದ್ದ ಜಮಾದಾರರು

ಜಮಾದಾರರು ನಮ್ಮ ಮಂಡಳಿಗೆ ಬಂದದ್ದು ಹಾಡು ಕೇಳಲಿಕ್ಕಲ್ಲ, ನಮ್ಮನ್ನು ಕಾಯಲಿಕ್ಕೆ. ಅದನ್ನು ಅವರು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದರು. ಅಂದಾನಪ್ಪನವರ ಮಾಳಿಗೆಯ ಮೆಟ್ಟಿಲು ಹತ್ತಿ ಬಂದು, ಬಾಗಿಲೊಳಗೆ ನಿಂತು, ಕೈಯಲ್ಲಿದ್ದ ಪರವಾನಗಿ ಕಾಗದವನ್ನು ಉರ್ದುವಿನಲ್ಲಿ ಗಟ್ಟಿಯಾಗಿ ಓದಿದರು. ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ಹಾಡ್ರಿ, ಹಾಡ್ರಿ. ನಾ ಇಲ್ಲೇ ಇಲ್ಲ ಅಂತ ತಿಳೀರಿ" ಎಂದರು. ಆಮೇಲೆ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ಕುಳಿತರು. ಉದ್ದನೆಯ ಆಳು, ಖಾಕಿ ಬಟ್ಟೆ, ಸೊಂಟಕ್ಕೆ ಪಟ್ಟಾ, ಹೊಸ್ತಿಲ ಹೊರಗೆ ಬಿಟ್ಟ ಭಾರದ ಬೂಟು. ಅಂಥವರನ್ನು ಇಲ್ಲ ಎಂದು ತಿಳಿಯುವುದು ಹೇಗೆ? ಆ ಸಂಜೆ ಅಂದಾನಪ್ಪನವರ ದನಿ ಷಡ್ಜಕ್ಕೇ ನಡುಗಿತು. ನನ್ನ ಬೆರಳುಗಳು ತಬಲಾದ ಮೇಲೆ ಬೇರೆ ಯಾರದೋ ಬೆರಳುಗಳ ಹಾಗೆ ಓಡಾಡಿದವು.

ಕೊಪ್ಪಳ ಆಗ ನಿಜಾಮರ ಸೀಮೆಯಲ್ಲಿತ್ತು. ನಲವತ್ತರ ದಶಕದ ಮೊದಲ ವರ್ಷಗಳು. ನಾಲ್ಕು ಜನ ಒಂದೆಡೆ ಕೂತರೆ ಠಾಣೆಗೆ ಸುದ್ದಿ ಮುಟ್ಟುವ ಕಾಲ. ಪುರಾಣಕ್ಕೂ ಪರವಾನಗಿ, ಭಜನೆಗೂ ಪರವಾನಗಿ. ನಮ್ಮ ಸಂಗೀತ ಮಂಡಳಿ ದೊಡ್ಡದೇನೂ ಆಗಿರಲಿಲ್ಲ. ಕಾಳಿನ ವ್ಯಾಪಾರದ ಅಂದಾನಪ್ಪನವರು ಹಾಡುತ್ತಿದ್ದರು. ಸೋಮವಾರ ಸಂಜೆ ನಾವು ಸೇರುತ್ತಿದ್ದುದು ಅವರ ಅಂಗಡಿಯ ಮೇಲಿನ ಮಾಳಿಗೆಯಲ್ಲೇ. ಹಾರ್ಮೋನಿಯಂಗೆ ವಾಮನರಾಯ, ನನ್ನ ವಾರಿಗೆಯವನು, ಮಾತು ಕಡಿಮೆ, ಸಿಟ್ಟು ಜಾಸ್ತಿ. ತಂಬೂರಿ ಮೀಟಲು ಅಕ್ಕಸಾಲಿಗರ ಕಾಳಪ್ಪ. ತಬಲಾ ನನ್ನದು. ಹಗಲು ನಾನು ಸರಕಾರಿ ಸಾಲೆಯ ಕನ್ನಡ ಮಾಸ್ತರ. ಪರವಾನಗಿಗೆ ಅರ್ಜಿ ಹಾಕಿದಾಗ ಠಾಣೆಯ ಮುಖ್ಯಸ್ಥರಾದ ಅಮೀನರು ಒಂದು ಷರತ್ತು ಹಾಕಿದರು: ಹಾಡುವಷ್ಟು ಹೊತ್ತೂ ಒಬ್ಬ ಪೊಲೀಸ್ ಕೂತಿರಬೇಕು, ಏನು ಹಾಡಿದರು ಎಂಬುದನ್ನು ಬಂದು ಹೇಳಬೇಕು. ಹೀಗೆ ಜಮಾದಾರರು ನಮ್ಮ ಪಾಲಿಗೆ ಬಂದರು.

ಅವರು ಕಲಬುರ್ಗಿ ಕಡೆಯವರು. ಮನೆಮಾತು ಉರ್ದು, ಆದರೆ ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು. ಹಾಡಿನ ಕನ್ನಡ ಮಾತ್ರ ಅವರಿಗೆ ದಕ್ಕುತ್ತಿರಲಿಲ್ಲ. ಅದರಿಂದ ಮೊದಮೊದಲು ಪ್ರತಿಯೊಂದು ಪದ ಮುಗಿದ ಮೇಲೂ ವಿಚಾರಣೆ ನಡೆಯುತ್ತಿತ್ತು. ಒಮ್ಮೆ ಅಂದಾನಪ್ಪನವರು ಒಂದು ತತ್ವಪದ ಹಾಡಿದರು. ಒಂಬತ್ತು ಬಾಗಿಲಿನ ಕೋಟೆ, ಅದರೊಳಗೊಬ್ಬ ರಾಜ, ಅವನು ಒಂದು ದಿನ ಯಾರಿಗೂ ಹೇಳದೆ ಹೊರಟುಹೋಗುತ್ತಾನೆ ಎಂಬ ಅರ್ಥದ್ದು. ಜಮಾದಾರರು ಕೈಯೆತ್ತಿ ನಿಲ್ಲಿಸಿದರು.

"ಯಾವ ಕ್ವಾಟಿರಿ ಇದು? ಕೊಪ್ಪಳದ್ದೋ?"

"ಅಲ್ರಿ ಜಮಾದಾರ್ರ. ಕ್ವಾಟಿ ಅಂದ್ರ ಈ ದೇಹ" ಎಂದರು ಅಂದಾನಪ್ಪನವರು.

"ರಾಜಾ?"

"ಜೀವಾರಿ."

"ಹೊಂಟ ಹೋಗೂದು?"

"ಸಾಯೂದ್ರಿ."

ಜಮಾದಾರರು ಎತ್ತಿದ್ದ ಕೈ ಇಳಿಸಿದರು. "ಹಂಗಾರ ದೇಹಾ ಅಂತನ ಹಾಡ್ರಿ. ರಾಜಾ ಹೋಗ್ತಾನ ಅಂತ ನಾ ಅಮೀನ ಸಾಹೇಬ್ರ ಮುಂದ ಹೆಂಗ ಹೇಳ್ಲಿ?"

ನಮಗೆ ನಗು ಬರಬೇಕಿತ್ತು. ಬರಲಿಲ್ಲ. ಅವರು ದಡ್ಡರ ಹಾಗೆ ನಟಿಸುತ್ತಿದ್ದಾರೋ, ನಿಜವಾಗಿಯೂ ಕೇಳುತ್ತಿದ್ದಾರೋ ಎಂಬುದೇ ಗೊತ್ತಾಗಲಿಲ್ಲ. ಸ್ವರಪ್ರಸ್ತಾರ ಶುರುವಾದರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು. "ಈ ಸರಿಗಮಕ್ಕ ಖರೇನ ಏನೂ ಮತಲಬ್ ಇಲ್ಲೇನ್ರಿ? ಇಷ್ಟೊತ್ತನ ಹೇಳ್ತೀರಿ, ಏನೂ ಇಲ್ಲಂದ್ರ ಹೆಂಗ?" ಎಂದು ಒಮ್ಮೆ ನನ್ನನ್ನು ಕೇಳಿದರು. ಅಮೀನರಿಗೆ ಅದು ಗುಪ್ತ ಭಾಷೆ ಎಂಬ ಗುಮಾನಿ ಇತ್ತಂತೆ. ಏನೂ ಇಲ್ಲ ಎಂದು ನಾನು ಆಣೆ ಮಾಡಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ, "ನೀವು ಸರಕಾರದ ನೌಕರರು, ಮಾಸ್ತರ. ಸುಳ್ಳ ಹೇಳಾಕಿಲ್ಲ" ಎಂದರು. ಅದು ನಂಬಿಕೆಯ ಮಾತೋ ಬೆದರಿಕೆಯ ಮಾತೋ ಎಂದು ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ತೂಗಿ ನೋಡಿದೆ.

ಅಂದಾನಪ್ಪನವರ ಹೆಂಡತಿ ಶರಣವ್ವ ಕೆಳಗಿನಿಂದ ಚಹಾ ಕಳಿಸುತ್ತಿದ್ದರು. ನಮಗೆ ಹಿತ್ತಾಳೆ ಬಟ್ಟಲು, ಜಮಾದಾರರಿಗೆಂದೇ ಬಾಗಿಲ ಪಕ್ಕದ ಗೂಡಿನಲ್ಲಿ ಬೇರೆ ಇಟ್ಟ ಗಾಜಿನ ಲೋಟ. ಅವರು ಅದನ್ನು ಗಮನಿಸಿದ್ದರು. ಕುಡಿದ ಮೇಲೆ ತಾವೇ ತೊಳೆದು, ಬೋರಲು ಹಾಕಿ, ಗೂಡಿನಲ್ಲಿ ಇಡುತ್ತಿದ್ದರು. ಸಂಜೆಯ ನಮಾಜಿನ ಹೊತ್ತಿಗೆ ಎದ್ದು ಬಯಲು ಮಾಳಿಗೆಗೆ ಹೋಗುವರು. ಆ ಹೊತ್ತಿನಲ್ಲಿ ವಾಮನರಾಯ ನಮ್ಮೊಡನೆ ಪಿಸುಮಾತಿನಲ್ಲಿ ಏನಾದರೂ ಹೇಳುತ್ತಿದ್ದ. ತಿರುಗಿ ಬರುವಾಗ ಜಮಾದಾರರು ಹೊರಗೇ ಜೋರಾಗಿ ಒಮ್ಮೆ ಕೆಮ್ಮುತ್ತಿದ್ದರು.

"ನೋಡಿದ್ರಿ? ನಾವು ಮಾತಾಡ್ತೀವಿ ಅಂತ ಆತಗ ಗೊತ್ತೈತಿ" ಎಂದ ವಾಮನರಾಯ.

"ನೆಗಡಿ ಆಗಿರಬೇಕಪಾ" ಎಂದರು ಅಂದಾನಪ್ಪನವರು.

"ವರ್ಷಾನುಗಟ್ಲೆ ನೆಗಡಿನ?"

ವರ್ಷ ಕಳೆದಂತೆ ಜಮಾದಾರರು ಅರ್ಥ ಕೇಳುವುದನ್ನು ಬಿಟ್ಟರು. ಕಣ್ಣು ಮುಚ್ಚಿ ಕೂಡತೊಡಗಿದರು. ನಿದ್ದೆ ಮಾಡುತ್ತಿದ್ದಾರೆ ಎಂದು ನಾವು ಸಮಾಧಾನಪಟ್ಟೆವು. ಆದರೆ ನನಗೆ ಬೇರೊಂದು ಕಂಡಿತು. ತಬಲಾದವನು ಹಾಡುವವನ ಮುಖ ನೋಡುತ್ತ ಬಾರಿಸಬೇಕು. ಅಂದಾನಪ್ಪನವರ ಹಿಂದೆಯೇ ಜಮಾದಾರರ ಬಾಗಿಲು ಇದ್ದುದರಿಂದ ಇಬ್ಬರೂ ನನ್ನ ಕಣ್ಣಿಗೆ ಒಟ್ಟಿಗೇ ಬೀಳುತ್ತಿದ್ದರು. ತಾಳ ಸುತ್ತಿ ಬಂದು ಸಮಕ್ಕೆ ಮುಟ್ಟಿದಾಗ ಅವರ ಹೆಬ್ಬೆರಳು ಮೊಣಕಾಲನ್ನು ಒತ್ತುತ್ತಿತ್ತು. ನಾನು ತಪ್ಪಿದ ದಿನ ಹೆಬ್ಬೆರಳು ಅಲುಗುತ್ತಿರಲಿಲ್ಲ. ಯಾರಾದರೂ ಅಪಸ್ವರ ಹಿಡಿದರೆ ಕಿವಿಯ ತುದಿಯನ್ನು ಕೆರೆದುಕೊಳ್ಳುತ್ತಿದ್ದರು. ಇದನ್ನು ಅವರಿಗೆ ಯಾರು ಕಲಿಸಿದರು? ಒಮ್ಮೆ ಕೇಳಿಯೇ ಬಿಟ್ಟೆ. "ನಮ್ಮ ಅಜ್ಜ ದರ್ಗಾದಾಗ ನಗಾರಿ ಬಾರಸ್ತಿದ್ದ್ರಿ. ನನಗ ಕೈ ಹತ್ತಲಿಲ್ಲ, ಕಿವಿ ಹತ್ತಿತು" ಎಂದರು.

ವಾಮನರಾಯನಿಗೆ ಇದನ್ನು ಹೇಳಿದಾಗ ಅವನು ಕೈ ಬೀಸಿದ. "ಖುಫಿಯಾ ಪೊಲೀಸ ಮಂದಿಗೆ ಇಂಥಾ ಅಜ್ಜಗೋಳನ್ನ ಹುಟ್ಟಸೂದು ಟ್ರೇನಿಂಗ್‌ನ್ಯಾಗ ಕಲಸ್ತಾರ. ನಿಮ್ಮನ್ನ ಮೆತ್ತಗ ಮಾಡಾಕ ಹತ್ಯಾನ, ಮಾಸ್ತರ. ಹುಷಾರಿ."

ನಾನು ಹುಷಾರಾಗಿಯೇ ಇದ್ದೆ. ಆ ಕಾಲದಲ್ಲಿ ಹುಷಾರಾಗಿರದೆ ಬದುಕುವುದು ಯಾರಿಗೂ ಸಾಧ್ಯವಿರಲಿಲ್ಲ.

ಒಂದು ಹುಣ್ಣಿಮೆಗೆ ಹುಲಿಗಿಯಲ್ಲಿ ಹಾಡಲು ನಮ್ಮನ್ನು ಕರೆದರು. ಜಮಾದಾರರೂ ಬಂಡಿ ಹತ್ತಿದರು. ಷರತ್ತು ಊರಾಚೆಗೂ ಅನ್ವಯಿಸುತ್ತಿತ್ತು. ಹಿಟ್ನಾಳ ದಾಟುವಾಗ ಗಾಲಿ ಕೊರಕಲಿಗೆ ಇಳಿದು ಬಂಡಿ ವಾಲಿತು. ಹಿಂದೆ ಕಟ್ಟಿದ್ದ ತಂಬೂರಿ ಜಾರಿ ಕೆಳಗೆ ಬಿತ್ತು. ಅದರ ಸೋರೆ ಬುರುಡೆಯ ಹಿಂಭಾಗದಲ್ಲಿ ಅಂಗೈಯಗಲದ ಚೂರು ಎದ್ದುಹೋಯಿತು. ನಾವು ದಿಕ್ಕು ತೋಚದೆ ನಿಂತಿದ್ದಾಗ ಜಮಾದಾರರು ಇಳಿದು, ತಮ್ಮ ರುಮಾಲು ಬಿಚ್ಚಿ, ಆ ಚೂರನ್ನೂ ಸಿಡಿದ ಸಣ್ಣ ಪುಡಿಗಳನ್ನೂ ಹೆಕ್ಕಿ ಕಟ್ಟಿಕೊಂಡರು. ಹುಲಿಗಿಯಲ್ಲಿ ಬೇರೆಯವರ ತಂಬೂರಿ ತಂದು ಹಾಡಿದೆವು. ತಿರುಗಿ ಬರುವಾಗ ಜಮಾದಾರರು ನಮ್ಮ ಒಡೆದ ತಂಬೂರಿಯನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ಕೊಪ್ಪಳದವರೆಗೆ ಅದನ್ನು ಯಾರ ಕೈಗೂ ಕೊಡಲಿಲ್ಲ. ಮರುದಿನ ಕಾಳಪ್ಪ ಆ ಚೂರನ್ನು ಅರಗು ಹಾಕಿ ಕೂಡಿಸಿದ. ಅಕ್ಕಸಾಲಿಗನ ಕೈ; ಗೊತ್ತಿದ್ದವರಿಗೆ ಮಾತ್ರ ಕಾಣುವಂತಿತ್ತು.

ಆ ದುರಸ್ತಿಯೇ ಮುಂದೆ ಗಂಡಾಂತರಕ್ಕೆ ದಾರಿಯಾಯಿತು. ವಾಮನರಾಯ ಆಗಾಗ ಗದಗಿಗೆ ಹೋಗಿ ಬರುತ್ತಿದ್ದ. ಗದಗು ಗಡಿಯಾಚೆ, ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ ಸುಲಭವಾಗಿ ಕೈಗೆ ಸಿಗುವ ನಿಜಾಮ ವಿರೋಧಿ ಪತ್ರಿಕೆಗಳು ನಮ್ಮಲ್ಲಿ ಸಿಕ್ಕರೆ ಜೈಲು. ಆ ಸಲ ಅವನು ತಂಬೂರಿಯನ್ನು ಜೊತೆಗೆ ಒಯ್ದ. ತಂತಿಗಳ ಕೆಳಗಿನ ಕುದುರೆ ಸವೆದಿದೆ, ತೀಡಿಸಿಕೊಂಡು ಬರುತ್ತೇನೆ ಎಂದು ನಮಗೆಲ್ಲ ಹೇಳಿದ. ಗಡಿಯ ನಾಕೆಯಲ್ಲಿ ಪೆಟ್ಟಿಗೆ ಗಂಟು ಎಲ್ಲ ಬಿಚ್ಚಿ ನೋಡುತ್ತಿದ್ದರು, ವಾದ್ಯವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವನು ಬಂದದ್ದು ಸೋಮವಾರ ಮಧ್ಯಾಹ್ನ. ನೆಟ್ಟಗೆ ಮಾಳಿಗೆಗೆ ಬಂದು ತಂಬೂರಿಯನ್ನು ಮೂಲೆಗೆ ಆನಿಸಿಟ್ಟ. ಅದರ ಹೊಟ್ಟೆಯಲ್ಲಿ ಏನಿತ್ತು ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಸಂಜೆ ಕಾಳಪ್ಪ ಶ್ರುತಿ ಕೂಡಿಸಿ ಮೀಟತೊಡಗಿದ. ಏನೋ ಸರಿಯಿಲ್ಲ ಎಂದು ನನಗೂ ಅನ್ನಿಸಿತು, ಆದರೆ ಏನೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಜಮಾದಾರರ ದನಿ ಬಂತು.

"ಗದಗಿಗೆ ಹೋಗಿ ತೀಡಿಸಿಕೊಂಡು ಬಂದೀವಿ ಅಂತೀರಿ. ದನಿ ಕುಂದೈತಲ್ರಿ?"

ಕಾಳಪ್ಪನ ಬೆರಳು ನಿಂತಿತು. ಜಮಾದಾರರು ಎದ್ದು ಬಂದರು. ಅಷ್ಟು ವರ್ಷಗಳಲ್ಲಿ ಅವರು ಬಾಗಿಲ ಬಳಿಯಿಂದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಕೆಳಗೆ ಕೂತು, ತಂಬೂರಿಯನ್ನು ತೊಡೆಯ ಮೇಲೆ ತೆಗೆದುಕೊಂಡು, ಒಂದು ತಂತಿ ಮೀಟಿ, ಬುರುಡೆಗೆ ಕಿವಿ ಹಚ್ಚಿದರು. ಹುಲಿಗಿಯಿಂದ ಅಷ್ಟು ದೂರ ತೊಡೆಯ ಮೇಲೆ ಹೊತ್ತು ತಂದವರು. ಅದರ ತೂಕ ಅವರಿಗೆ ಗೊತ್ತಿತ್ತು. ಅವರ ಕೈ ಬುರುಡೆಯ ಹಿಂದೆ ಸರಿದು, ಅರಗಿನ ಕೂಡಿಕೆಯ ಮೇಲೆ ಬೆರಳು ನಿಂತಿತು. ನಾನು ವಾಮನರಾಯನನ್ನು ನೋಡಿದೆ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಆಗ ನನಗೆ ಅರ್ಥವಾಯಿತು. ಅಂದಾನಪ್ಪನವರಿಗೂ ಅರ್ಥವಾಗಿರಬೇಕು; ಅವರು ಗೋಡೆಯ ಕಡೆಗೆ ತಿರುಗಿಕೊಂಡರು.

ಜಮಾದಾರರು ತಂಬೂರಿಯನ್ನು ನಿಧಾನವಾಗಿ ಕೆಳಗಿಟ್ಟರು. "ತ್ಯಾವ ಹಿಡದೈತಿ. ಬಿಚ್ಚಿ ಒಣಗಸ್ರಿ" ಎಂದರು. ರುಮಾಲು ಸುತ್ತಿಕೊಂಡು, ಬೂಟು ಮೆಟ್ಟಿ, ಹಾಡು ಶುರುವಾಗುವ ಮೊದಲೇ ಇಳಿದುಹೋದರು.

ಕಾಳಪ್ಪ, "ಕುಲುಮಿ ಹಂಗ ಬಿಟ್ಟ ಬಂದೀನಿ" ಎಂದು ಮೊದಲು ಎದ್ದ. ಅಂದಾನಪ್ಪನವರು ಅಂಗಡಿಗೆ ಇಳಿದರು. ನಾನು ಕೋಟೆಯ ಬದಿಯ ದಾರಿ ಹಿಡಿದು ಮನೆಗೆ ಹೋದೆ. ಮುಂದಿನದನ್ನು ನನಗೆ ಹೇಳಿದವರು ಶರಣವ್ವ. ಎಲ್ಲರೂ ಹೋದ ಮೇಲೆ ವಾಮನರಾಯ ಮಾಳಿಗೆಯಲ್ಲಿ ಒಬ್ಬನೇ ಉಳಿದು, ಅರಗು ಬಿಡಿಸಿ, ಒಳಗಿದ್ದುದನ್ನೆಲ್ಲ ತೆಗೆದು, ಮಡಿಲಲ್ಲಿ ತುಂಬಿಕೊಂಡು ಅವರ ಅಡಿಗೆಮನೆಗೆ ಬಂದನಂತೆ. ಶರಣವ್ವ ರೊಟ್ಟಿ ಬಡಿಯುತ್ತಿದ್ದರು.

"ಏನಪಾ ಇದು?"

"ಕೇಳಬ್ಯಾಡ್ರಿ ವೈನಿ. ಒಲಿಗೆ ಹಾಕ್ರಿ."

ಅವರು ಕೇಳಲಿಲ್ಲ. ಒಂದೊಂದೇ ಹಾಳೆಯನ್ನು ಮುದುಡಿ ಒಲೆಗೆ ತುರುಕಿದರು. ಆ ಹೊತ್ತಿನ ರೊಟ್ಟಿಗಳೆಲ್ಲ ಸೀದುಹೋದವೆಂದು ಆಮೇಲೆ ಬಹಳ ಸಲ ಹೇಳಿ ನಗುತ್ತಿದ್ದರು. ವಾಮನರಾಯ ಚೂರನ್ನು ತಿರುಗಿ ಕೂಡಿಸಿ ಮನೆಗೆ ಹೋದ.

ಬೆಳಗಾಗುವಷ್ಟರಲ್ಲಿ ಅಮೀನರು ಬಂದರು. ಬಾಗಿಲು ಬಡಿದ ಸದ್ದಿಗೆ ಓಣಿಯೆಲ್ಲ ಎದ್ದಿತು. ನಾನು ಸುದ್ದಿ ತಿಳಿದು ಓಡಿಹೋದಾಗ ಅವರು ಮೆಟ್ಟಿಲು ಹತ್ತುತ್ತಿದ್ದರು, ಹಿಂದೆ ಸಿಪಾಯಿಗಳು, ಎಲ್ಲರ ಹಿಂದೆ ನಮ್ಮ ಜಮಾದಾರರು. ಅಮೀನರು ಕಪಾಟು ನೋಡಲಿಲ್ಲ, ಕಾಳಿನ ಚೀಲ ಮುಟ್ಟಲಿಲ್ಲ. ನೆಟ್ಟಗೆ ಮೂಲೆಗೆ ಹೋಗಿ ತಂಬೂರಿ ಎತ್ತಿಕೊಂಡು ಕೆಳಗಿಳಿದು ಅಂಗಳದ ಕಲ್ಲಿಗೆ ಅಪ್ಪಳಿಸಿದರು. ತಂತಿಗಳು ಒಮ್ಮೆ ಚೀರಿದವು. ಬುರುಡೆ ಹೋಳುಹೋಳಾಯಿತು. ಒಳಗೆ ಏನೂ ಇರಲಿಲ್ಲ. ಅಮೀನರು ಹೋಳುಗಳನ್ನು ಬೂಟಿನಿಂದ ಕೆದಕಿ ನೋಡಿದರು. ಆಮೇಲೆ ಜಮಾದಾರರ ಕಡೆ ತಿರುಗಿ ಉರ್ದುವಿನಲ್ಲಿ ಒಂದು ಬೈಗುಳ ಬೈದರು. ಜಮಾದಾರರು ನೆಲ ನೋಡುತ್ತ ನಿಂತಿದ್ದರು. ಅಂದಾನಪ್ಪನವರು ಕಂಬ ಹಿಡಿದುಕೊಂಡು ಅಳುತ್ತಿದ್ದರು. ಅದು ಅವರ ಗುರುಗಳು ಕೊಟ್ಟಿದ್ದ ತಂಬೂರಿ.

ಪರವಾನಗಿ ರದ್ದಾಯಿತು. ಮಾಳಿಗೆಗೆ ಬೀಗ ಬಿತ್ತು. ವಾಮನರಾಯ ಅದೇ ವಾರ ಗಡಿ ದಾಟಿ ಹೋದ. ಹೋಗುವ ಮೊದಲು ನನ್ನನ್ನು ಕಂಡು, "ನೆಟ್ಟಗ ತಂಬೂರಿಗೇ ಕೈ ಹಾಕಿದ್ರು. ಇನ್ನ ಏನ ಬೇಕು ನಿಮಗ ಸಾಕ್ಷಿ?" ಎಂದ.

"ಹಂಗಾರ ಮುಂಚೆ ನಮ್ಮ ಮುಂದ ಯಾಕ ಅಂದ್ರು? ಬಿಚ್ಚಿ ಒಣಗಸ್ರಿ ಅಂತ ಯಾಕ ಹೇಳಿದ್ರು?"

"ಮಾರಿ ನೋಡಾಕ! ನಮ್ಮ ಮಾರಿ ಮ್ಯಾಗ ಏನ ಕಾಣತೈತಿ ಅಂತ ನೋಡಿ ಹೋದ. ನಾವು ರಾತ್ರಿ ಸುಮ್ಮನಿರ್ತೀವಿ ಅಂತ ತಿಳಕೊಂಡಿದ್ದ."

ಅವನ ಮಾತನ್ನು ತೆಗೆದುಹಾಕುವಂತಿರಲಿಲ್ಲ, ನನ್ನ ಮಾತನ್ನೂ ಅಷ್ಟೇ. ಜಮಾದಾರರಿಗೆ ಕುಷ್ಟಗಿಗೆ ವರ್ಗವಾಯಿತು, ಆಮೇಲೆ ಯಲಬುರ್ಗಿಗೆ. ಅಲ್ಲಿ ಒಮ್ಮೆ ಅವರನ್ನು ಕಂಡೆ. ಸಾಲೆಯ ಪರೀಕ್ಷೆಗೆ ಹೋಗಿದ್ದೆ. ಒಂದು ಮನೆಯ ಹೊರಗೆ, ಕಿಟಕಿಯ ಪಕ್ಕ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಒಳಗೆ ಹೆಂಗಸರು ಮದುಮಗಳಿಗೆ ಅರಿಶಿಣ ಹಚ್ಚುತ್ತ ಹಾಡುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಅವರು ಕಿಟಕಿ ಬಿಟ್ಟು ನಡೆದುಬಿಟ್ಟರು. ಹಾಡು ಕೇಳುತ್ತಿದ್ದರೋ, ಆ ಮನೆಯಲ್ಲಿ ಯಾರನ್ನೋ ಹುಡುಕುತ್ತಿದ್ದರೋ? ಆ ಮನೆಯವರಿಗೆ ಹೇಳಬೇಕೇ ಬೇಡವೇ ಎಂದು ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಒಳಗಿನವರು ಯಾವ ಭಯವೂ ಇಲ್ಲದೆ ನಗುತ್ತಿದ್ದರು. ಹೇಳದೆ ಬಂದೆ.

ಆಮೇಲೆ ಕಾಲ ತಿರುಗಿತು. ನಿಜಾಮರ ಆಳ್ವಿಕೆ ಮುಗಿಯಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲೂ ಅದರ ನಂತರದ ತಿಂಗಳುಗಳಲ್ಲೂ ನಮ್ಮ ಸೀಮೆಯಲ್ಲಿ ಆಗಬಾರದ್ದು ಆಯಿತು. ನೆರೆಯವರು ನೆರೆಯವರನ್ನು ನೋಡುವ ನೋಟವೇ ಬೇರೆಯಾಯಿತು. ಎಲ್ಲ ತಣ್ಣಗಾದ ಮೇಲೆ ಅಂದಾನಪ್ಪನವರು ಮಾಳಿಗೆಯ ಬೀಗ ತೆಗೆಸಿದರು. ಮಿರಜದಿಂದ ಹೊಸ ತಂಬೂರಿ ಬಂತು. ವಾಮನರಾಯ ಖಾದಿ ತೊಟ್ಟು ತಿರುಗಿ ಬಂದಿದ್ದ. ಊರಲ್ಲಿ ಈಗ ಅವನಿಗೆ ಹಾರ ಹಾಕುತ್ತಿದ್ದರು. ಮೊದಲ ಸೋಮವಾರ ನಾವು ನಾಲ್ವರೂ ಕೂತು ಶ್ರುತಿ ಕೂಡಿಸುತ್ತಿದ್ದೆವು. ಯಾರೋ ಬಾಗಿಲಲ್ಲಿ ನಿಂತಂತಾಯಿತು.

ಜಮಾದಾರರು. ಖಾಕಿ ಇರಲಿಲ್ಲ. ಮಾಸಿದ ಬಿಳಿ ಅಂಗಿ, ಕೈಯ ಬೆರಳುಗಳಲ್ಲಿ ಕಪ್ಪು ಎಣ್ಣೆಯ ಗೆರೆಗಳು. ಆಳು ಅರ್ಧ ಕರಗಿದ್ದರು. ಅಂದಾನಪ್ಪನವರು, "ಬರ್ರಿ" ಎಂದರು. ವಾಮನರಾಯ ಹಾರ್ಮೋನಿಯಂ ಮುಚ್ಚಿದ.

"ಈಗ ಯಾರಿಗೆ ವರದಿ ಒಪ್ಪಸವ್ರು?"

"ಯಾರಿಗೂ ಇಲ್ರಿ. ನೌಕರಿ ಹೋತು. ಗಂಗಾವತ್ಯಾಗ ಅಳಿಯಾನ ಸೈಕಲ್ ಅಂಗಡಿ ಐತಿ, ಅಲ್ಲೇ ಪಂಕ್ಚರ್ ಹಚ್ಚತೀನಿ. ಮಂಡಳಿ ಮತ್ತ ಸುರು ಆತು ಅಂದ್ರು. ಕೇಳಿ ಹೋಗೂಣಂತ ಬಂದೆ."

"ಕೂಡೂಕಿಂತ ಮದಲ ಒಂದ ಮಾತಿಗೆ ಖರೇ ಜವಾಬ ಕೊಡ್ರಿ. ಅವತ್ತ ಅಮೀನಗ ಹೇಳಿದವರು ನೀವ ಹೌದಲ್ಲೋ?"

ಜಮಾದಾರರು ನಿಂತೇ ಇದ್ದರು. "ಹೇಳಾಕ ಹೋಗಿದ್ದೆ" ಎಂದರು.

ವಾಮನರಾಯ ನನ್ನ ಕಡೆ ನೋಡಿದ. ಕೇಳಿದಿರಾ, ಎನ್ನುವಂತೆ.

"ದನಿ ಕುಂದೈತಿ ಅಂತ ನಿಮ್ಮೆಲ್ಲಾರ ಮುಂದ ಅಂದಬಿಟ್ಟೆ. ಕಿವಿಗೆ ಬಿದ್ದದ್ದು ಬಾಯಿಗೆ ಬಂತು. ಕೈಯಾಗ ಹಿಡದ ಮ್ಯಾಲ ಒಳಗ ಏನೈತಿ ಅಂತ ಗೊತ್ತಾತು. ಇನ್ನ ಮುಚ್ಚಿಡೂದಾಗೂದಿಲ್ಲ, ನಾ ಹೇಳಲಿಲ್ಲಂದ್ರ ನನ್ನ ಕೊಳ್ಳಿಗೆ ಬರತೈತಿ. ಮನಿಗೆ ಹೋದೆ. ನಮಾಜ ಮಾಡಿದೆ. ಸಾವಕಾಶ ಊಟಾ ಮಾಡಿದೆ. ನಿಮಗ ಅಷ್ಟ ಹೊತ್ತ ಸಾಕು ಅಂತ ತಿಳಕೊಂಡೆ. ಆಮ್ಯಾಲ ಠಾಣೇಕ ಹೋದೆ."

"ಹೋಗಿ ಹೇಳಿದ್ರಿ."

"ಇಲ್ರಿ. ನಾ ಬಾಯಿ ತೆಗ್ಯೂಕಿಂತ ಮದಲ ಅಮೀನ ಸಾಹೇಬ್ರು, 'ತಂಬೂರಿ ಸುದ್ದಿ ಏನು? ಭಾಳ ತಡಾ ಮಾಡಿ ಬಂದಿ' ಅಂದ್ರು. ಆಗಲೇ ಬೂಟ ಹಾಕ್ಕೊಳಾಕ ಹತ್ತಿದ್ರು. ಕತ್ತಲಾಗೈತಿ, ಹೆಣ್ಮಕ್ಕಳಿರೂ ಮನಿ, ಮುಂಜಾನೆ ಹೋಗೂಣ್ರಿ ಅಂತ ಕಾಲ ಹಿಡದೆ."

ವಾಮನರಾಯನ ದನಿ ಬದಲಾಗಿತ್ತು. "ಅಮೀನಗ ಯಾರು ಹೇಳಿದ್ರು?"

"ನಾ ಠಾಣೆ ಮೆಟ್ಲ ಹತ್ತೂವಾಗ ಅವರು ಇಳದ ಹೊಂಟಿದ್ರು. ನನ್ನ ನೋಡಿ ಮಾರಿ ತಿರಿಗಿಸಿದ್ರು."

"ಅವರು ಅಂದ್ರ?"

"ಅವತ್ತ ಈ ಮಾಳಿಗ್ಯಾಗ ಇದ್ದವರು."

ಅವರು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ತಮ್ಮ ಕಪ್ಪು ಬೆರಳುಗಳನ್ನು ನೋಡುತ್ತಿದ್ದರು. ವಾಮನರಾಯ ಎದ್ದು ನಿಂತ. "ಹೆಸರು ಹೇಳ್ರಿ."

"ಇಲ್ರಿ."

"ಯಾಕ?"

"ಇಷ್ಟ ವರ್ಷ ನನ್ನ ಒಂದ ಮಾತ ನೀವು ನಂಬಲಿಲ್ಲ. ಇವತ್ತ ನಾ ಒಬ್ಬರ ಹೆಸರ ಹೇಳಿದ್ರ ತಟ್ಟನ ನಂಬತೀರಿ. ಅದಕ್ಕ ಹೇಳೂದಿಲ್ಲ."

"ಸುಳ್ಳು! ನೌಕರಿ ಹೋದ್ರೂ ಈ ಮನಶಾ ಡ್ಯೂಟಿ ಬಿಟ್ಟಿಲ್ಲ. ನಮ್ಮ ನಮ್ಮೊಳಗ ಬೆಂಕಿ ಹಚ್ಚಾಕ ಬಂದಾನ" ಎಂದು ವಾಮನರಾಯ ಕೂಗಿದ. ಜಮಾದಾರರು ಅದಕ್ಕೂ ಏನೂ ಅನ್ನಲಿಲ್ಲ. ಹೌದೆಂದಿದ್ದರೂ ಇಲ್ಲವೆಂದಿದ್ದರೂ ನಮಗೆ ಒಂದು ದಾರಿ ಸಿಗುತ್ತಿತ್ತು.

ಅಂದಾನಪ್ಪನವರು ನೆಲಕ್ಕೆ ಕೈಯೂರಿ, "ಸಾಕು" ಎಂದರು. "ಜಮಾದಾರ್ರ, ಕೂಡ್ರಿ. ಕಾಳಪ್ಪ, ತಂಬೂರಿ ಹಿಡಿ."

ಕಾಳಪ್ಪ ಹಿಡಿದ. ಅವನ ಬೆರಳು ನಡುಗುತ್ತಿತ್ತು. ಅಂದಾನಪ್ಪನವರ ದನಿ ಷಡ್ಜದಲ್ಲಿ ನಿಲ್ಲಲಿಲ್ಲ. ನಾನು ಸಮ ತಪ್ಪಿದೆ. ಅಂದು ನಡುಗದವರು ಯಾರೂ ಇರಲಿಲ್ಲ, ಆದ್ದರಿಂದ ನಡುಕದಿಂದ ಏನೂ ತಿಳಿಯುವಂತಿರಲಿಲ್ಲ. ವಾಮನರಾಯ ಹಾರ್ಮೋನಿಯಂ ತೆರೆಯಲೇ ಇಲ್ಲ. ಜಮಾದಾರರು ಕೊನೆಯವರೆಗೆ ಕೂತು ಕೇಳಿದರು. ಎದ್ದಾಗ ಎಲ್ಲರಿಗೂ ಸಲಾಮು ಮಾಡಿದರು. ಒಂದೇ ಸಲಾಮು, ಒಟ್ಟಾಗಿ.

ಮಂಡಳಿ ನಿಲ್ಲಲಿಲ್ಲ, ಆದರೆ ಮೊದಲಿನಂತೆ ಇರಲಿಲ್ಲ. ವಾಮನರಾಯ ರಾಜಕೀಯದ ಕೆಲಸವೆಂದು ದೂರದ ಊರಿಗೆ ಹೋದ. ತಂಬೂರಿಯ ದನಿ ಕುಂದಿದ್ದ ಆ ಸಂಜೆ ಮಾಳಿಗೆಯಿಂದ ಬೇರೆ ಬೇರೆ ದಾರಿ ಹಿಡಿದು ಹೋದವರು ಮೂವರು: ಕಾಳಪ್ಪ, ಅಂದಾನಪ್ಪನವರು, ನಾನು. ಕುಲುಮೆ, ಅಂಗಡಿ, ಕೋಟೆಯ ದಾರಿ. ಠಾಣೆಗೆ ಹೋದವನು ನಾನಲ್ಲ. ಓದುವವರು ನಂಬಬಹುದು, ಬಿಡಬಹುದು. ಕೆಲವು ವರ್ಷಗಳ ಮೇಲೆ ಕಾಳಪ್ಪ, ಕಣ್ಣು ಕಾಣುವುದಿಲ್ಲವೆಂದು ಬರುವುದನ್ನು ನಿಲ್ಲಿಸಿದ. ತಂಬೂರಿ ಮೀಟಲು ಕಣ್ಣೇಕೆ ಎಂದು ನನಗೆ ಅನ್ನಿಸಿತು. ಅವನಿಗೆ ನಿಜವಾಗಿಯೂ ಕಣ್ಣು ಹೋಗಿದ್ದವು. ಮೆಟ್ಟಿಲು ಹತ್ತಲು ಮಕ್ಕಳು ಬಿಡುತ್ತಿರಲಿಲ್ಲ. ಅವನು ತೀರಿಕೊಂಡಾಗ ಅಂದಾನಪ್ಪನವರೂ ನಾನೂ ಹೆಗಲು ಕೊಟ್ಟೆವು.

ನನಗೆ ಗಂಗಾವತಿಗೆ ವರ್ಗವಾದಾಗ ಜಮಾದಾರರನ್ನು ಆಗಾಗ ಕಾಣುತ್ತಿದ್ದೆ. ಸೈಕಲ್ಲಿನ ಟ್ಯೂಬನ್ನು ಬೇರೆಯವರಂತೆ ನೀರಿನಲ್ಲಿ ಅದ್ದುತ್ತಿರಲಿಲ್ಲ. ಗಾಳಿ ತುಂಬಿ ಕಿವಿಯ ಹತ್ತಿರ ತಿರುಗಿಸುತ್ತ, ತೂತು ಎಲ್ಲಿದೆ ಎಂದು ಕೇಳಿಯೇ ಹೇಳುತ್ತಿದ್ದರು. ನನಗೆ ಸ್ಟೂಲು ಹಾಕುತ್ತಿದ್ದರು. ರಾಗದ ಮಾತು, ಮಳೆಯ ಮಾತು, ಮೊಮ್ಮಕ್ಕಳ ಮಾತು. ಆ ಹೆಸರಿನ ಮಾತನ್ನು ಮಾತ್ರ ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ. ಅವರ ಕಣ್ಣು ನನ್ನ ಮೇಲೆ ನಿಂತಾಗಲೆಲ್ಲ, ಇವರು ನನ್ನಲ್ಲಿ ಯಾರನ್ನು ನೋಡುತ್ತಿದ್ದಾರೆ ಎಂದು ನನಗೆ ಅಳುಕಾಗುತ್ತಿತ್ತು. ಠಾಣೆಯ ಮೆಟ್ಟಿಲಲ್ಲಿ ಕಂಡವರು ನಾನಲ್ಲವೆಂದು ಅವರಿಗೆ ಗೊತ್ತಿರಬೇಕು. ಆದರೆ ಠಾಣೆಯ ಮೆಟ್ಟಿಲಲ್ಲಿ ಯಾರನ್ನಾದರೂ ಕಂಡದ್ದಾದರೂ ನಿಜವೇ?

ಕಳೆದ ವರ್ಷ ಅವರು ಹೋದರು. ಮಲಗಿದಲ್ಲಿಯೇ ಹೋದರೆಂದು ಅಳಿಯ ಹೇಳಿದ. ಮಣ್ಣು ಕೊಟ್ಟು ಬಂದು, ಆ ವಾರವೇ ಕೊಪ್ಪಳಕ್ಕೆ ಹೋಗಿ ಅಂದಾನಪ್ಪನವರಿಗೆ ತಿಳಿಸಿದೆ. ಅವರಿಗೆ ಈಗ ಬಹಳ ವಯಸ್ಸಾಗಿದೆ, ಹಾಡುವುದಿಲ್ಲ. ಸುದ್ದಿ ತಿಳಿದು ಮೆಲ್ಲಗೆ ಕೇಳಿದರು:

"ಸಾಯೂ ಮುಂದ ಯಾರದರ ಹೆಸರ ಹೇಳಿದ್ನೇನ್ರಿ?"

"ಇಲ್ರಿ. ಯಾರದೂ ಹೇಳಲಿಲ್ಲಂತ."

"ಛಲೋ ಆತು" ಎಂದರು ಅಂದಾನಪ್ಪನವರು.

ಅವರು ಹಾಗೇಕೆ ಅಂದರೆಂದು ನಾನು ಬಸ್ಸಿನಲ್ಲಿ ಗಂಗಾವತಿಯವರೆಗೂ ಯೋಚಿಸುತ್ತ ಬಂದೆ. ಅಳಿಯನಿಗೆ ಅದೇ ಪ್ರಶ್ನೆ ಹಾಕಿ ಆ ಉತ್ತರ ಕೇಳಿದಾಗ ನಾನೂ ಅದನ್ನೇ ಅಂದಿದ್ದೆ, ಅದೇ ಮಾತಿನಲ್ಲಿ. ಅದನ್ನು ಅವರಿಗೆ ನಾನು ಹೇಳಲಿಲ್ಲ.